ಬ್ರಯಂಟ್ ಪಾರ್ಕ್: ಜನ ದೂರವಾದ ಉದ್ಯಾನಕ್ಕೆ ಜನ ಮರಳಿದ ಬಗೆ

ನ್ಯೂಯಾರ್ಕಿನ ಮ್ಯಾನ್‌ಹಟನ್ ನಡುಭಾಗದಲ್ಲಿ, 40 ಮತ್ತು 42ನೆಯ ಬೀದಿಗಳ ನಡುವೆ, ನಗರದ ದೊಡ್ಡ ಸಾರ್ವಜನಿಕ ಗ್ರಂಥಾಲಯದ ಬೆನ್ನಿಗೆ ಒರಗಿಕೊಂಡಂತೆ ಬ್ರಯಂಟ್ ಪಾರ್ಕ್ ಇದೆ. ಸುತ್ತಲೂ ಕಚೇರಿಗಳ ಗೋಪುರಗಳು. 1970ರ ದಶಕದ ಕೊನೆಯಲ್ಲಿ ಊಟದ ಹೊತ್ತಿಗೆ ಸಾವಿರಾರು ನೌಕರರು ಅದರ ಪಕ್ಕದ ಕಾಲುದಾರಿಯಲ್ಲೇ ಓಡಾಡುತ್ತಿದ್ದರು, ಒಳಗೆ ಮಾತ್ರ ಕಾಲಿಡುತ್ತಿರಲಿಲ್ಲ. ಸಾಲುಮರಗಳ ನೆರಳು, ಹುಲ್ಲುಹಾಸು, ಕಾರಂಜಿ ಎಲ್ಲವೂ ಇದ್ದವು. ಮಾದಕವಸ್ತು ಮಾರುವವರೂ ಇದ್ದರು, ಕೊಳ್ಳುವವರೂ ಇದ್ದರು. ಹಾಳೂರಿಗೆ ಉಳಿದವನೇ ಗೌಡ ಎನ್ನುತ್ತಾರಲ್ಲ, ಅಲ್ಲಿನ ಸ್ಥಿತಿ ಹಾಗಿತ್ತು.

ಇದೇ ಪಾರ್ಕು 1992ರ ನಂತರ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಾಗುವ ನಗರ ಉದ್ಯಾನಗಳ ಸಾಲಿಗೆ ಸೇರಿತು. ಸುಣ್ಣಬಣ್ಣ ಬಳಿದು ಬೆಂಚು ಹಾಕಿದ್ದಕ್ಕೆ ಆದ ಬದಲಾವಣೆ ಇದಲ್ಲ. ಜನ ಯಾಕೆ ಬರುತ್ತಿಲ್ಲ ಎಂಬುದನ್ನು ಮೊದಲು ಎಣಿಸಿ ನೋಡಿ, ಆಮೇಲೆ ಕೆಲಸಗಳನ್ನು ಒಂದು ಕ್ರಮದಲ್ಲಿ ಮಾಡಿದ್ದರಿಂದ ಆದದ್ದು. ಹಲವು ಊರುಗಳು ಆ ಕ್ರಮವನ್ನು ತಲೆಕೆಳಗು ಮಾಡಿ ಹಣ ಕಳೆದುಕೊಳ್ಳುತ್ತವೆ. ಅದಕ್ಕಾಗಿಯೇ ಈ ಪ್ರಕರಣವನ್ನು ಬಿಡಿಸಿ ನೋಡಬೇಕು.

ಕೆಟ್ಟದ್ದು ಎಲ್ಲಿಂದ ಶುರುವಾಯಿತು

ಕವಿ ಮತ್ತು ಪತ್ರಿಕಾ ಸಂಪಾದಕ ವಿಲಿಯಂ ಕಲೆನ್ ಬ್ರಯಂಟ್ ಅವರ ಹೆಸರನ್ನು ಈ ಜಾಗಕ್ಕೆ 1884ರಲ್ಲಿ ಇಟ್ಟರು. ಈಗ ಕಾಣುವ ವಿನ್ಯಾಸದ ಮೂಲ 1934ರದು. ಉದ್ಯಾನ ಆಯುಕ್ತ ರಾಬರ್ಟ್ ಮೋಸೆಸ್ ಅವರ ಕಾಲದಲ್ಲಿ, ಸ್ಪರ್ಧೆಯೊಂದರಲ್ಲಿ ಗೆದ್ದ ನಕ್ಷೆಯ ಪ್ರಕಾರ ಪಾರ್ಕನ್ನು ಮತ್ತೆ ಕಟ್ಟಲಾಯಿತು. ಮಧ್ಯೆ ದೊಡ್ಡ ಹುಲ್ಲುಹಾಸು, ಎರಡೂ ಬದಿಗೆ ಮರಗಳ ಸಾಲು, ಸುತ್ತ ಕಲ್ಲಿನ ಕಟಾಂಜನ, ಕಬ್ಬಿಣದ ಬೇಲಿ, ಪೊದೆಗಿಡಗಳ ಗೋಡೆ. ಇಡೀ ಪಾರ್ಕನ್ನು ಬೀದಿಯ ಮಟ್ಟಕ್ಕಿಂತ ಸುಮಾರು 4 ಅಡಿ ಎತ್ತರಿಸಿದರು.

ಆಗ ಅದಕ್ಕೆ ಕಾರಣವಿತ್ತು. ಪಕ್ಕದ ಆರನೆಯ ಅವೆನ್ಯೂ ಮೇಲೆ ಕಬ್ಬಿಣದ ಕಂಬಗಳ ಮೇಲಿನ ರೈಲು ಗಡಗಡಿಸುತ್ತಿತ್ತು. ಆ ಗದ್ದಲದಿಂದ ದೂರವಾದ ಒಂದು ಶಾಂತ ಮೂಲೆ ಬೇಕೆನಿಸಿದ್ದು ಸಹಜ. ಆದರೆ ಆ ರೈಲು 1938ರಲ್ಲೇ ನಿಂತಿತು, ಹಳಿಗಳನ್ನು ಕಿತ್ತುಹಾಕಿದರು. ಗದ್ದಲ ಹೋಯಿತು, ಗದ್ದಲ ತಡೆಯಲು ಕಟ್ಟಿದ ಮರೆ ಹಾಗೆಯೇ ಉಳಿಯಿತು. ನಾಲ್ಕು ದಶಕಗಳ ನಂತರ ಆ ಮರೆ ಕೆಲಸಕ್ಕೆ ಬಂದದ್ದು ಕಣ್ಣಿಗೆ ಬೀಳದೆ ವ್ಯಾಪಾರ ಮಾಡಬೇಕಾದವರಿಗೆ.

ವೈಟ್ ಕಂಡದ್ದು

1979ರಲ್ಲಿ ರಾಕ್‌ಫೆಲರ್ ಬ್ರದರ್ಸ್ ಫಂಡ್ ಈ ಪಾರ್ಕಿನ ರೋಗ ಏನೆಂದು ಪರೀಕ್ಷಿಸಲು ವಿಲಿಯಂ ಎಚ್. ವೈಟ್ ಅವರನ್ನು ಕೇಳಿತು. ಅದಕ್ಕೆ ಮುಂಚೆ ಸುಮಾರು ಒಂದು ದಶಕ ಅವರು ನ್ಯೂಯಾರ್ಕಿನ ಕಟ್ಟಡಗಳ ಮುಂದಿನ ಬಯಲುಗಳಲ್ಲಿ ಕ್ಯಾಮೆರಾ ಇಟ್ಟು, ಜನ ಎಲ್ಲಿ ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಎಲ್ಲಿಂದ ಎದ್ದು ಹೋಗುತ್ತಾರೆ ಎಂದು ಚೌಕಟ್ಟು ಚೌಕಟ್ಟಾಗಿ ನೋಡಿದ್ದರು. ಆ ಕೆಲಸದಿಂದ 1975ರಲ್ಲಿ ನಗರದ ಕಟ್ಟಡ ನಿಯಮವೇ ಬದಲಾಗಿತ್ತು: ಇಂಥ ಬಯಲುಗಳಲ್ಲಿ ಪ್ರತಿ 30 ಚದರ ಅಡಿಗೆ ಒಂದು ಅಡಿ ಉದ್ದದಷ್ಟು ಕೂರುವ ಜಾಗ ಇರಲೇಬೇಕು ಎಂದಾಯಿತು.

ಅವರ ಗಮನಕ್ಕೆ ಬಂದ ಮೂರು ಸಂಗತಿಗಳು ಈ ಪ್ರಕರಣಕ್ಕೆ ನೇರವಾಗಿ ತಾಗುತ್ತವೆ. ಒಂದು, ಎತ್ತರ. ಬೀದಿಯಿಂದ ಒಂದಡಿ ಮೇಲಿದ್ದರೆ ಅಡ್ಡಿಯಿಲ್ಲ, ಮೂರು ಅಡಿ ದಾಟಿದರೆ ಬಳಕೆ ಬೀಳುತ್ತದೆ. ನಡೆಯುವವನ ಕಣ್ಣಿಗೆ ಒಳಗಿನ ನೆಲ ಕಾಣದಿದ್ದರೆ ಆ ಜಾಗ ಅವನ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಬ್ರಯಂಟ್ ಪಾರ್ಕು ಆ ಮಿತಿಯನ್ನು ಮೀರಿತ್ತು. ಹೊರಗಿನಿಂದ ಕಂಡದ್ದು ಪೊದೆ ಮತ್ತು ಮೆಟ್ಟಿಲು, ಅಷ್ಟೇ.

ಎರಡು, ಹೆಂಗಸರ ಸಂಖ್ಯೆ. ಅವರು ನೋಡಿದ ಬಯಲುಗಳಲ್ಲಿ ಸರಾಸರಿ ಹತ್ತರಲ್ಲಿ ನಾಲ್ವರು ಹೆಂಗಸರಿದ್ದರು. ಚೆನ್ನಾಗಿ ನಡೆಯುವ ಕಡೆ ಅದಕ್ಕಿಂತ ಹೆಚ್ಚು. ಯಾವುದಾದರೂ ಜಾಗದಲ್ಲಿ ಇದು ಸರಾಸರಿಗಿಂತ ಗಮನಾರ್ಹವಾಗಿ ಕಡಿಮೆಯಾದರೆ ಅಲ್ಲೇನೋ ಕೆಟ್ಟಿದೆ ಎಂದೇ ಅರ್ಥ. ಎಲ್ಲಿ ಕೂರಬೇಕು ಎಂಬುದನ್ನು ಹೆಂಗಸರು ಗಂಡಸರಿಗಿಂತ ಹೆಚ್ಚು ನೋಡಿ ಆರಿಸುತ್ತಾರೆ, ಅಪಾಯ ಮತ್ತು ಕಿರಿಕಿರಿಯನ್ನು ಬೇಗ ಗುರುತಿಸುತ್ತಾರೆ. ಪೊಲೀಸ್ ದಾಖಲೆಗೆ ಅಪರಾಧ ಏರುವ ಮೊದಲೇ ಈ ಸಂಖ್ಯೆ ಇಳಿಯಬಹುದು. ನಗರ ಉದ್ಯಾನಗಳಿಗೆ ಇದು ಅಗ್ಗದ, ಕೈಗೆಟಕುವ ಅಳತೆಗೋಲು.

ಮೂರನೆಯದು, ಬೇಡದವರ ಪ್ರಶ್ನೆ. ಅವರನ್ನು ತಡೆಯಲೆಂದು ಬೆಂಚು ಕಿತ್ತರೆ, ಮೊಳೆ ಹೊಡೆದರೆ, ಬೀಗ ಹಾಕಿದರೆ ಮೊದಲು ದೂರ ಹೋಗುವವರು ಉಳಿದವರು. ಮಾರಾಟಗಾರನಿಗೆ ಬೆಂಚು ಬೇಕಿಲ್ಲ, ಅಜ್ಜಿಗೆ ಬೇಕು. ಪೊಲೀಸರು ಬಂದಾಗ ಪಾರ್ಕು ಖಾಲಿಯಾಗುತ್ತದೆ, ಪೊಲೀಸರು ಹೋದ ಗಂಟೆಯಲ್ಲಿ ಮತ್ತೆ ಆ ಬೇಡದವರೇ ತುಂಬುತ್ತಾರೆ, ಏಕೆಂದರೆ ಖಾಲಿ ಜಾಗವನ್ನು ಹಿಡಿದುಕೊಳ್ಳುವ ಇನ್ನೊಂದು ಗುಂಪು ಅಲ್ಲಿಲ್ಲ. ಹಾಗಾಗಿ ವೈಟ್ ಕೊಟ್ಟ ಸಲಹೆಯ ತಿರುಳು, ಜಾಗವನ್ನು ಎಲ್ಲರಿಗೂ ಹಿತವಾಗುವಂತೆ ಮಾಡಿ ಎಂಬುದು. ಬೇಲಿ ತೆಗೆಯಿರಿ, ಪೊದೆ ತೆಗೆಯಿರಿ, ಕಟಾಂಜನವನ್ನು ಅಲ್ಲಲ್ಲಿ ಒಡೆದು ಹೊಸ ದಾರಿ ಬಿಡಿ, ಮೆಟ್ಟಿಲ ಬಳಿ ಒಳಗಿನ ನೋಟ ಕಾಣುವಂತೆ ಮಾಡಿ, ಗಾಲಿಕುರ್ಚಿಗೆ ಇಳಿಜಾರು ಕಟ್ಟಿ, ಕಾರಂಜಿ ದುರಸ್ತಿ ಮಾಡಿ.

ಮೊದಲು ಚಟುವಟಿಕೆ, ಆಮೇಲೆ ಕಾಮಗಾರಿ

1980ರಲ್ಲಿ ಬ್ರಯಂಟ್ ಪಾರ್ಕ್ ಪುನರುಜ್ಜೀವನ ನಿಗಮ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಡ್ಯಾನ್ ಬೀಡರ್‌ಮನ್ ಅದರ ಹೊಣೆ ಹೊತ್ತರು. ಬೇಲಿ ಒಡೆಯುವುದು ತಕ್ಷಣಕ್ಕೆ ಆಗುವ ಮಾತಾಗಿರಲಿಲ್ಲ. 1974ರಲ್ಲೇ ಈ ಪಾರ್ಕನ್ನು ಸಂರಕ್ಷಿತ ಸೊಬಗಿನ ತಾಣವೆಂದು ಘೋಷಿಸಲಾಗಿತ್ತು, ಒಂದು ಕಲ್ಲು ಅಲುಗಿಸಲೂ ಅನುಮತಿ ಬೇಕು. ಈ ಕಾಯುವ ವರ್ಷಗಳನ್ನು ಅವರು ಸುಮ್ಮನೆ ಕಳೆಯಲಿಲ್ಲ. ಪುಸ್ತಕದ ಮಳಿಗೆ, ಹೂವಿನ ಮಳಿಗೆ, ಸಣ್ಣ ಕೆಫೆ, ಸಂಗೀತ ಮತ್ತು ನೃತ್ಯ ಪ್ರದರ್ಶನಗಳಿಗೆ ರಿಯಾಯಿತಿ ಟಿಕೆಟ್ ಕೊಡುವ ಕಿಟಕಿ, ಮಧ್ಯಾಹ್ನದ ಸಂಗೀತ ಕಚೇರಿಗಳು ಆರಂಭವಾದವು.

ಈ ಆಯ್ಕೆಗಳ ಹಿಂದಿನ ಲೆಕ್ಕ ಗಮನಿಸಿ. ಪುಸ್ತಕದ ಮಳಿಗೆ ಒಬ್ಬ ಮನುಷ್ಯನನ್ನು ಹತ್ತು ನಿಮಿಷ ನಿಂತಲ್ಲೇ ನಿಲ್ಲಿಸುತ್ತದೆ, ಅವನು ಏನೂ ಕೊಳ್ಳದಿದ್ದರೂ ನಿಂತದ್ದರಿಂದಲೇ ಜಾಗಕ್ಕೆ ಕಾವಲಾಗುತ್ತಾನೆ. ಟಿಕೆಟ್ ಕಿಟಕಿ ಸಾಲು ಹುಟ್ಟಿಸುತ್ತದೆ. ಹೂವಿನ ಬಣ್ಣ ಬೀದಿಯ ಆಚೆಯಿಂದ ಕಾಣುತ್ತದೆ. ಮೂರರಲ್ಲೂ ದಿನವಿಡೀ ಒಬ್ಬ ಕೆಲಸಗಾರ ಇರುತ್ತಾನೆ, ಪಾರ್ಕಿನ ಮುಖಗಳೆಲ್ಲ ಅವನಿಗೆ ಪರಿಚಯ. ಇವುಗಳ ಜಾಗ ಅಂಚಿನಲ್ಲಿ, ಬಾಗಿಲ ಬಳಿ. ಹೊಸ ಚಟುವಟಿಕೆಯನ್ನು ನಡುವಿನ ಹುಲ್ಲಿನಲ್ಲಿ ಶುರು ಮಾಡಿದರೆ ಅಲ್ಲಿಗೆ ತಲುಪಲು ಹೆದರಿಕೆಯ ನಲವತ್ತು ಹೆಜ್ಜೆ ದಾಟಬೇಕು, ಯಾರೂ ದಾಟುವುದಿಲ್ಲ. ಅಂಚಿನಿಂದ ಒಳಕ್ಕೆ ಹೋಗುವುದೇ ಸರಿಯಾದ ದಿಕ್ಕು.

ಆ ವರ್ಷಗಳಲ್ಲಿ ಒಂದು ಎಡವಟ್ಟೂ ಆಯಿತು. ಗ್ರಂಥಾಲಯದ ಹಿಂಬದಿಗೆ ಭಾರಿ ಗಾಜಿನ ರೆಸ್ಟೋರೆಂಟ್ ಕಟ್ಟುವ ಯೋಜನೆ ಬಂತು. ಸಾರ್ವಜನಿಕ ನೆಲವನ್ನು ದುಬಾರಿ ಊಟಕ್ಕೆ ಕೊಡುತ್ತಿದ್ದೀರಿ ಎಂದು ವಿರೋಧ ಎದ್ದಿತು. ವಿರೋಧಿಸಿದವರ ಮಾತಿನಲ್ಲಿ ಹುರುಳಿತ್ತು. ಕೊನೆಗೆ ಗಾತ್ರ ಕಡಿಮೆಯಾಗಿ, ಕಟ್ಟಡ ಒಡೆದು ಚಿಕ್ಕದಾಗಿ, ರೆಸ್ಟೋರೆಂಟ್ ತೆರೆದದ್ದು 1995ರಲ್ಲಿ. ಆದಾಯದ ಯೋಜನೆಯನ್ನು ಜನರ ಮುಂದೆ ಮೊದಲೇ ಬಿಚ್ಚಿಟ್ಟಿದ್ದರೆ ಉಳಿಯುತ್ತಿದ್ದದ್ದು ವರ್ಷಗಳ ಸಮಯ.

1988ರಿಂದ 1992ರವರೆಗೆ

1988ರಲ್ಲಿ ಪಾರ್ಕನ್ನು ಮುಚ್ಚಿ ಅಗೆದರು. ಹುಲ್ಲುಹಾಸಿನ ಅಡಿಯಲ್ಲಿ ಗ್ರಂಥಾಲಯಕ್ಕಾಗಿ ಎರಡು ಅಂತಸ್ತಿನ ಪುಸ್ತಕ ಭಂಡಾರ ಕಟ್ಟಲಾಯಿತು, ಸುರಂಗವೊಂದು ಅದನ್ನು ಮುಖ್ಯ ಕಟ್ಟಡಕ್ಕೆ ಜೋಡಿಸುತ್ತದೆ. ಅಂದರೆ ಇಂದು ಜನ ಮಲಗಿ ಬಿಸಿಲು ಕಾಯುವ ಹುಲ್ಲಿನ ಕೆಳಗೆ ಪುಸ್ತಕಗಳಿವೆ. ಮೇಲಿನ ವಿನ್ಯಾಸವನ್ನು ಹಾನಾ–ಓಲಿನ್ ಸಂಸ್ಥೆ ಮಾಡಿತು. 1934ರ ಮೂಲ ರೂಪವನ್ನು ಅಳಿಸದೆ, ಅದರ ಮುಚ್ಚಿದ ಅಂಚನ್ನು ಮಾತ್ರ ಬಿಚ್ಚಿದರು. ಬೇಲಿ ಮತ್ತು ಎತ್ತರದ ಪೊದೆ ಹೋದವು, ಪ್ರವೇಶಗಳು ಹೆಚ್ಚಿದವು, ಅಗಲವಾದವು. ಪೊದೆಯ ಗೋಡೆ ಇದ್ದ ಕಡೆ ಲಿಂಡನ್ ಮಿಲ್ಲರ್ ಅವರ ವಿನ್ಯಾಸದಂತೆ ಸುಮಾರು 300 ಅಡಿ ಉದ್ದದ ಎರಡು ಹೂವಿನ ಪಾತಿಗಳು ಬಂದವು, ನೋಟ ಅವುಗಳ ಮೇಲಿನಿಂದ ಹಾದುಹೋಗುತ್ತದೆ. ರಾತ್ರಿಯ ಬೆಳಕಿಗೆ ಕಂಬಗಳ ದೀಪಗಳ ಜೊತೆಗೆ ಪಕ್ಕದ ಬಹುಮಹಡಿ ಕಟ್ಟಡದ ಮೇಲಿನಿಂದಲೂ ದೀಪ ಹಾಯಿಸಿದರು. ಎಲ್ಲೋ ಮೇಲಿನಿಂದ ಬೆಳದಿಂಗಳಂತೆ ಬೀಳುವ ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ, ಎದುರಿನವರ ಮುಖವೂ ಕಾಣುತ್ತದೆ. ಕಣ್ಣ ಮಟ್ಟದಲ್ಲಿ ಉರಿಯುವ ಪ್ರಖರ ದೀಪ ಇದರ ಉಲ್ಟಾ ಕೆಲಸ ಮಾಡುತ್ತದೆ: ದೀಪದ ಹಿಂದಿನದೆಲ್ಲ ಕಪ್ಪಾಗುತ್ತದೆ.

ಆದರೆ 1992ರಲ್ಲಿ ಬಾಗಿಲು ತೆರೆದಾಗ ಮಾತಾದದ್ದು ಎರಡು ಸಣ್ಣ ಸಂಗತಿಗಳ ಬಗ್ಗೆ: ಕುರ್ಚಿ ಮತ್ತು ಶೌಚಾಲಯ.

ಕುರ್ಚಿಗಳು ಹಸಿರು ಬಣ್ಣದ, ಮಡಚುವ, ಫ್ರೆಂಚ್ ಕೆಫೆಗಳಲ್ಲಿ ಕಾಣುವಂಥವು. ಆರಂಭದಲ್ಲಿ ಸುಮಾರು ಸಾವಿರ, ಈಗ ನಾಲ್ಕು ಸಾವಿರ ದಾಟಿವೆ. ಯಾವುದಕ್ಕೂ ಸರಪಳಿಯಿಲ್ಲ. ಕದ್ದುಕೊಂಡು ಹೋಗುತ್ತಾರೆ ಎಂಬ ಭಯ ಎಲ್ಲ ಕಡೆಯ ಹಾಗೆ ಅಲ್ಲೂ ಇತ್ತು. ಒಂದಷ್ಟು ಹೋಗುತ್ತವೆ, ಮುರಿಯುತ್ತವೆ, ಆ ಖರ್ಚನ್ನು ನಿರ್ವಹಣೆಯ ಲೆಕ್ಕದಲ್ಲೇ ಹಿಡಿಯಬೇಕು. ಆದರೆ ಜನರ ಮುಂದೆ, ಹಗಲಿನಲ್ಲಿ, ಕುರ್ಚಿ ಹೊತ್ತು ನಡೆಯುವುದು ಕಷ್ಟದ ಕೆಲಸ. ಜನಸಂದಣಿಯೇ ಇಲ್ಲಿ ಬೀಗ. ಸರಿಸಬಲ್ಲ ಕುರ್ಚಿಯ ಗುಣ ವೈಟ್ ಅವರ ಚಿತ್ರಗಳಲ್ಲಿ ಮೊದಲೇ ಸಿಕ್ಕಿತ್ತು: ಬಂದವರು ಕೂರುವ ಮುಂಚೆ ಕುರ್ಚಿಯನ್ನು ಒಂದು ಗೇಣು ಸರಿಸುತ್ತಾರೆ, ಹಾಗೆ ಸರಿಸುವುದರಿಂದ ಏನೂ ಬದಲಾಗದಿದ್ದರೂ ಸರಿಸುತ್ತಾರೆ. ಆ ಒಂದು ಗೇಣಿನಲ್ಲಿ ಜಾಗ ತನ್ನದಾಗುತ್ತದೆ, ಪಕ್ಕದ ಅಪರಿಚಿತರಿಗೆ ಮರ್ಯಾದೆ ಕೊಟ್ಟಂತೆಯೂ ಆಗುತ್ತದೆ. ಬಿಸಿಲು ಸರಿದರೆ ನೆರಳಿಗೆ ಹೋಗಬಹುದು, ಐವರು ಗೆಳತಿಯರು ಬಂದರೆ ದುಂಡಗೆ ಕೂರಬಹುದು. ಸಾಲಾಗಿ ನೆಟ್ಟ ಕಲ್ಲುಬೆಂಚಿನಲ್ಲಿ ಕೂತ ಇಬ್ಬರ ಜೊತೆ ಮೂರನೆಯವರು ಮಾತಿಗೆ ಸೇರುವುದೇ ಕಷ್ಟ.

ಸ್ಥಿರ ಆಸನಗಳಿಗೂ ಲೆಕ್ಕ ಉಂಟು. ಒಂದರಿಂದ ಮೂರು ಅಡಿ ಎತ್ತರದ ಯಾವ ಅಂಚಿನ ಮೇಲೂ ಜನ ಕೂರುತ್ತಾರೆ. ಆದರೆ ಆ ಅಂಚು ಕನಿಷ್ಠ 30 ಅಂಗುಲ ಅಗಲವಿದ್ದರೆ ಎರಡೂ ಬದಿಯಿಂದ ಕೂರಬಹುದು, ಅದೇ ಕಟ್ಟೆಗೆ ಎರಡು ಪಟ್ಟು ಜನ. ನಮ್ಮ ಅರಳಿಕಟ್ಟೆ ಕಟ್ಟಿದವರಿಗೆ ಇದು ಗೊತ್ತಿತ್ತು.

ಇನ್ನು ಶೌಚಾಲಯ. 1911ರ ಕಾಲದ ಪುಟ್ಟ ಕಲ್ಲಿನ ಕಟ್ಟಡ, ದಶಕಗಳ ಕಾಲ ಮುಚ್ಚಿತ್ತು. 1992ರಲ್ಲಿ ಅದನ್ನು ಸರಿಪಡಿಸಿ, ದಿನವಿಡೀ ನೋಡಿಕೊಳ್ಳುವ ಸಿಬ್ಬಂದಿಯನ್ನು ನೇಮಿಸಿ, ಒಳಗೆ ತಾಜಾ ಹೂವು ಇಡತೊಡಗಿದರು. ಉಪಯೋಗಕ್ಕೆ ದುಡ್ಡಿಲ್ಲ. ಹೂವು ಶೋಕಿಯೆಂದು ಯಾರಾದರೂ ಅಂದರೆ, ಅವರು ಶೌಚಾಲಯವಿಲ್ಲದ ಕಾರಣಕ್ಕೆ ಪಾರ್ಕಿನಿಂದ ಬೇಗ ಎದ್ದು ಹೋಗುವ ಹೆಂಗಸರನ್ನೂ ಹಿರಿಯರನ್ನೂ ಕೇಳಬೇಕು. ಒಬ್ಬರು ಪಾರ್ಕಿನಲ್ಲಿ ಕಳೆಯುವ ಸಮಯ ಇಪ್ಪತ್ತು ನಿಮಿಷವೋ ಎರಡು ಗಂಟೆಯೋ ಎಂದು ತೀರ್ಮಾನಿಸುವುದು ಈ ಒಂದು ಬಾಗಿಲು. ಸಿಬ್ಬಂದಿ ಇಲ್ಲದೆ ಕಟ್ಟಿದ ಶೌಚಾಲಯ ಆರು ತಿಂಗಳಲ್ಲಿ ಬೀಗ ಕಾಣುತ್ತದೆ. ಹಾಗಾಗಿ ಕಟ್ಟಡದ ಅಂದಾಜಿಗಿಂತ ಮೊದಲು ಸಂಬಳದ ಅಂದಾಜು ಬರೆಯಬೇಕು.

ತೆರೆದ ಮೇಲೆ

1993ರಿಂದ ಬೇಸಿಗೆಯ ಸಂಜೆಗಳಲ್ಲಿ ಹುಲ್ಲಿನ ಮೇಲೆ ಸಿನಿಮಾ ತೋರಿಸತೊಡಗಿದರು. ಚದುರಂಗದ ಮೇಜು, ಮಧ್ಯಾಹ್ನದ ಪಿಯಾನೊ, ಮಕ್ಕಳಿಗೆ ತಿರುಗುಕುದುರೆ ಬಂದವು. ಇಲ್ಲಿ ನಮಗೆ ಅತಿ ಹತ್ತಿರವೆನಿಸುವುದು ಬಯಲು ವಾಚನಾಲಯ. 1935ರಲ್ಲಿ, ಆರ್ಥಿಕ ಮಹಾಕುಸಿತದಿಂದ ಕೆಲಸ ಕಳೆದುಕೊಂಡವರಿಗಾಗಿ ಗ್ರಂಥಾಲಯ ಇದೇ ಪಾರ್ಕಿನಲ್ಲಿ ಪುಸ್ತಕದ ಕಪಾಟು, ಬೆಂಚು ಹಾಕಿತ್ತು. ಕಾರ್ಡು ಬೇಡ, ವಿಳಾಸ ಬೇಡ. ಯುದ್ಧಕಾಲದಲ್ಲಿ ನಿಂತ ಅದನ್ನು 2003ರಲ್ಲಿ ಮತ್ತೆ ಶುರು ಮಾಡಿದರು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಶನಿವಾರಗಳಂದು ಹುಲ್ಲಿನ ಮೇಲೆ ಚಾಪೆ ಹಾಸಿಕೊಂಡು ಮೌನವಾಗಿ ಓದುವ ಗುಂಪು ಇದೇ ಕೆಲಸವನ್ನು ಕಪಾಟೂ ಇಲ್ಲದೆ ಮಾಡುತ್ತಿದೆ, ಅದನ್ನು ನೋಡಿ ಬೇರೆ ಊರುಗಳಲ್ಲೂ ಗುಂಪುಗಳು ಹುಟ್ಟಿವೆ. ವೇದಿಕೆ, ಮೈಕು, ಅತಿಥಿ ಯಾವುದೂ ಬೇಡದ, ಪ್ರತಿ ವಾರ ಅದೇ ಹೊತ್ತಿಗೆ ನಡೆಯುವ ಕಾರ್ಯಕ್ರಮ ವರ್ಷಕ್ಕೊಮ್ಮೆಯ ದೊಡ್ಡ ಉತ್ಸವಕ್ಕಿಂತ ಹೆಚ್ಚು ಜನರನ್ನು ಪಾರ್ಕಿಗೆ ಅಭ್ಯಾಸ ಮಾಡಿಸುತ್ತದೆ.

ಅಲ್ಲಿನ ಸಿಬ್ಬಂದಿ ಮಧ್ಯಾಹ್ನದ ಹೊತ್ತು ಪಾರ್ಕನ್ನು ಸುತ್ತಿ ಗಂಡಸರು ಎಷ್ಟು, ಹೆಂಗಸರು ಎಷ್ಟು ಎಂದು ಬೇರೆಬೇರೆಯಾಗಿ ಎಣಿಸುವ ರೂಢಿ ಇಟ್ಟುಕೊಂಡರು. ವೈಟ್ ಕೊಟ್ಟ ಅಳತೆಗೋಲನ್ನು ಕೈಬಿಡಲಿಲ್ಲ.

ಹಣದ ವಿಷಯ ಅಷ್ಟು ಸರಳವಲ್ಲ. ಸುತ್ತಲಿನ ಆಸ್ತಿ ಮಾಲೀಕರು ಕೊಡುವ ಹೆಚ್ಚುವರಿ ಕರ, ರೆಸ್ಟೋರೆಂಟ್ ಮತ್ತು ಮಳಿಗೆಗಳ ಬಾಡಿಗೆ, ಪ್ರಾಯೋಜಕರು ಇವರಿಂದ ಪಾರ್ಕು ನಡೆಯುತ್ತದೆ, ನಗರದ ಬೊಕ್ಕಸದಿಂದಲ್ಲ. ಅದರ ಬೆಲೆಯೂ ತೆರಬೇಕಾಯಿತು. 1993ರಿಂದ ಫ್ಯಾಷನ್ ವಾರದ ಡೇರೆಗಳು ವರ್ಷಕ್ಕೆ ಎರಡು ಸಲ ಹುಲ್ಲುಹಾಸನ್ನೇ ಆವರಿಸಿದವು. ಟಿಕೆಟ್ ಇಲ್ಲದ ಸಾಮಾನ್ಯರಿಗೆ ಆ ವಾರಗಳಲ್ಲಿ ಜಾಗವಿಲ್ಲ. ಡೇರೆ ಕಿತ್ತ ಮೇಲೆ ನೋಡಿದರೆ ಹುಲ್ಲು ಸತ್ತಿರುತ್ತಿತ್ತು. ಪಾರ್ಕು ಉಳಿಸಲು ಬಂದ ಹಣ ಪಾರ್ಕನ್ನೇ ಕಿತ್ತುಕೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. 2010ರಲ್ಲಿ ಆ ಪ್ರದರ್ಶನ ಬೇರೆಡೆಗೆ ಹೋಯಿತು. ಸಾರ್ವಜನಿಕ ಉದ್ಯಾನವನ್ನು ಖಾಸಗಿ ಸಂಸ್ಥೆ ನಡೆಸುವಾಗ ಯಾರು ಬರಬಹುದು, ಯಾರು ಮಲಗಬಾರದು ಎಂದು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆ ಇಂದಿಗೂ ಅಲ್ಲಿ ಜೀವಂತ. ಮನೆಯಿಲ್ಲದವರಿಗೆ ಪಾರ್ಕು ಉತ್ತರವಲ್ಲ ನಿಜ, ಆದರೆ ಅವರನ್ನು ಮುಂದಿನ ಬೀದಿಗೆ ತಳ್ಳುವುದೂ ಉತ್ತರವಲ್ಲ.

ಬಡಾವಣೆಯ ಪಾರ್ಕಿಗೆ ಇಳಿಸುವಾಗ

ಈ ಹಣದ ಮಾದರಿಯನ್ನು ಇಲ್ಲಿಗೆ ತರುವ ಪ್ರಯತ್ನ ಬೇಡ. ಕರ್ನಾಟಕದಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಪಾರ್ಕಿನ ನೆಲವನ್ನು ಬೇರೆ ಉಪಯೋಗಕ್ಕೆ ಕೊಡದಂತೆ ಕಾಯುತ್ತದೆ, ಕಾಯಲಿ. ತರಬೇಕಾದ್ದು ಎಣಿಕೆ, ತೆರೆದ ಅಂಚು, ಸರಿಸುವ ಕುರ್ಚಿ ಮತ್ತು ಕೆಲಸದ ಕ್ರಮ.

ನಮ್ಮ ಪಾರ್ಕುಗಳ ಮೊದಲ ಅಡ್ಡಿ ಬೀಗ. ಬೆಂಗಳೂರಿನ ಬಡಾವಣೆ ಪಾರ್ಕುಗಳಲ್ಲಿ ಬಹುಕಾಲ ಬೆಳಿಗ್ಗೆ ವಾಕಿಂಗ್ ಮುಗಿದ ಮೇಲೆ ಗೇಟು ಮುಚ್ಚಿ ಸಂಜೆ ತೆರೆಯುವ ಪದ್ಧತಿಯಿತ್ತು. ಶಾಲೆಯಿಂದ ಬರುವ ಮಕ್ಕಳಿಗೆ, ಡೆಲಿವರಿ ಹುಡುಗರಿಗೆ, ಮನೆಗೆಲಸದ ನಡುವೆ ಅರ್ಧ ಗಂಟೆ ಬಿಡುವು ಸಿಗುವ ಹೆಂಗಸರಿಗೆ ಪಾರ್ಕು ಇಲ್ಲವೆಂದೇ ಅರ್ಥ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವಂತೆ ಪಾಲಿಕೆ ತೀರ್ಮಾನಿಸಿತು. ನಿಮ್ಮ ಗೇಟಿನ ಫಲಕ ಏನು ಹೇಳುತ್ತದೆ, ನಿಜವಾಗಿ ಬೀಗ ಯಾವಾಗ ಬೀಳುತ್ತದೆ, ಎರಡನ್ನೂ ಒಂದು ವಾರ ಬರೆದಿಡಿ.

ಅದೇ ವಾರ ಎಣಿಕೆ ಮಾಡಿ. ಬೆಳಿಗ್ಗೆ 7, ಮಧ್ಯಾಹ್ನ 12, ಸಂಜೆ 5, ರಾತ್ರಿ 8, ದಿನಕ್ಕೆ ನಾಲ್ಕು ಸುತ್ತು, ಏಳು ದಿನ. ಒಂದೇ ಗೇಟಿನಿಂದ ಹೊರಟು ಒಂದೇ ದಿಕ್ಕಿನಲ್ಲಿ ನಡೆಯಿರಿ, ದಾಟಿದವರನ್ನು ಮಾತ್ರ ಎಣಿಸಿ, ಇಲ್ಲದಿದ್ದರೆ ಟ್ರ್ಯಾಕಿನಲ್ಲಿ ಸುತ್ತುವವರು ಎರಡು ಸಲ ಲೆಕ್ಕಕ್ಕೆ ಬರುತ್ತಾರೆ. ಹಾಳೆಯಲ್ಲಿ ಹೆಂಗಸರು, ಗಂಡಸರು, ಮಕ್ಕಳು, ಕೂತವರು, ನಡೆಯುವವರು ಎಂಬ ಕಂಬಸಾಲುಗಳಿರಲಿ. ಪಾರ್ಕಿನ ಕೈನಕ್ಷೆಯ ಮೇಲೆ ಕೂತವರ ಜಾಗಕ್ಕೆ ಚುಕ್ಕೆ ಇಡಿ. ಚುಕ್ಕೆಯೇ ಬೀಳದ ಮೂಲೆಗೆ ಹೋಗಿ ನಿಂತು ನೋಡಿದರೆ ಕಾರಣ ಬಹುಪಾಲು ಅಲ್ಲೇ ಸಿಗುತ್ತದೆ: ಕೆಟ್ಟ ದೀಪ, ತಲೆಯೆತ್ತರದ ದಾಸವಾಳದ ಬೇಲಿ, ಕಸದ ಗುಡ್ಡೆ, ಮಧ್ಯಾಹ್ನದ ಬಿಸಿಲಿಗೆ ಕಾದ ಗ್ರಾನೈಟ್ ಬೆಂಚು.

ಮೊದಲ ತಿಂಗಳು ಕಾಮಗಾರಿಗೆ ಕೈ ಹಾಕಬೇಡಿ. ಬೇಲಿಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಮರಗಳ ಕೆಳಗಿನ ಕೊಂಬೆಗಳನ್ನು ಏಳಡಿಯವರೆಗೆ ಸವರಿ. ಈ ನಡುವಿನ ಕಿಟಕಿಯಿಂದ ಬೀದಿಯಲ್ಲಿ ಹೋಗುವವರಿಗೆ ಒಳಗೆ ಕಾಣುತ್ತದೆ, ಒಳಗಿನವರಿಗೆ ಬೀದಿ ಕಾಣುತ್ತದೆ. ಮರದ ಕೊಂಬೆಗೆ ಅರಣ್ಯ ವಿಭಾಗದ ಅನುಮತಿ ಕೇಳಿಯೇ ಕೈ ಹಾಕಬೇಕು. ಎಕರೆಯಷ್ಟಿರುವ ಪಾರ್ಕಿಗೆ ಮೂವತ್ತು ಪ್ಲಾಸ್ಟಿಕ್ ಕುರ್ಚಿ ಸಾಕು, ಒಂದೇ ಬಣ್ಣದವು, ಬೆನ್ನಿಗೆ ಸಂಖ್ಯೆ ಬರೆದವು. ರಾತ್ರಿ ಒಂದರ ಮೇಲೊಂದು ಪೇರಿಸಿ ಮಾಲಿಯ ಕೋಣೆಯಲ್ಲಿಡಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಕ್ಕೆ ಹೆಚ್ಚುವರಿ ಕೂಲಿ ಕೊಡದಿದ್ದರೆ ಮೂರನೆಯ ವಾರ ಕುರ್ಚಿಗಳು ಕೋಣೆಯಿಂದ ಹೊರಗೆ ಬರುವುದಿಲ್ಲ. ಇಂಥ ಪ್ರಯತ್ನಗಳು ನಿಲ್ಲುವುದು ಸಾಮಾನ್ಯವಾಗಿ ಇಲ್ಲೇ, ಕಳ್ಳತನದಿಂದಲ್ಲ.

ಕಾರ್ಯಕ್ರಮವನ್ನು ಚುಕ್ಕೆ ಬೀಳದ ಹೊತ್ತಿಗೆ ಇಡಿ. ಬೆಳಿಗ್ಗೆ ಯೋಗಕ್ಕೆ ಆಗಲೇ ಜನರಿದ್ದಾರೆ, ಇನ್ನೊಂದು ಯೋಗ ತರಗತಿ ಯಾರನ್ನೂ ಹೊಸದಾಗಿ ತರುವುದಿಲ್ಲ. ಸಂಜೆ 4ಕ್ಕೆ ಮಕ್ಕಳಿಗೆ ಚೌಕಾಬಾರ ಅಥವಾ ಅಳಗುಳಿ ಮಣೆ, ರಾತ್ರಿ 8ಕ್ಕೆ ಹೆಂಗಸರ ನಡಿಗೆಯ ಗುಂಪು, ಭಾನುವಾರ ಗೇಟಿನ ಬಳಿ ಹಳೆಯ ಪುಸ್ತಕ ಬದಲಿಸಿಕೊಳ್ಳುವ ಮೇಜು. ಗೇಟಿನ ಹೊರಗೆ ಕಡಲೆಕಾಯಿ ಮಾರುವವರನ್ನು ಓಡಿಸಬೇಡಿ, ಪಾರ್ಕಿಗೆ ಸಂಬಳವಿಲ್ಲದ ಕಾವಲುಗಾರರು ಅವರೇ. ನಿವಾಸಿಗಳ ಸಂಘ ಫಲಕದ ಮೇಲೆ ಬರೆಯುವ ನಿಷೇಧಗಳನ್ನೂ ಎಣಿಸಿ. ಓಡಬಾರದು, ಚೆಂಡು ಆಡಬಾರದು, ಹುಲ್ಲು ತುಳಿಯಬಾರದು, ಜೋಡಿಯಾಗಿ ಕೂರಬಾರದು ಎಂದು ಹತ್ತು ಸಾಲಿದ್ದರೆ ಆ ಪಾರ್ಕು ಖಾಲಿಯಿರುವುದಕ್ಕೆ ಬೇರೆ ತನಿಖೆ ಬೇಕಿಲ್ಲ. ಅಂಥ ಫಲಕ ಎಷ್ಟೋ ಕಡೆ ಹಿರಿಯ ವಾಕಿಂಗ್ ಗುಂಪಿನ ಇಷ್ಟದಂತೆ ಬರೆದದ್ದು. ಬದಲಿಸುವಾಗ ಆ ಗುಂಪನ್ನು ಕರೆದು ಕೂರಿಸಿಕೊಂಡು, ಬೆಳಿಗ್ಗೆ 8ರವರೆಗೆ ಟ್ರ್ಯಾಕು ನಿಮ್ಮದು, ಸಂಜೆ 4ರಿಂದ 6ರವರೆಗೆ ಹುಲ್ಲು ಮಕ್ಕಳದ್ದು ಎಂದು ಹೊತ್ತು ಹಂಚಿಕೊಂಡರೆ ಜಗಳ ತಪ್ಪುತ್ತದೆ.

ಮೂರು ತಿಂಗಳಿಗೆ ಅದೇ ನಾಲ್ಕು ಹೊತ್ತು, ಅದೇ ಏಳು ದಿನ, ಅದೇ ಗೇಟಿನಿಂದ ಮತ್ತೆ ಎಣಿಸಿ. ಮಳೆಗಾಲದ ಲೆಕ್ಕವನ್ನು ಬೇಸಿಗೆಯ ಲೆಕ್ಕದ ಜೊತೆ ಹೋಲಿಸಬೇಡಿ, ಮುಂದಿನ ವರ್ಷದ ಅದೇ ತಿಂಗಳಿನವರೆಗೂ ಹಾಳೆ ಜೋಪಾನವಾಗಿರಲಿ. ಒಟ್ಟು ಸಂಖ್ಯೆ ಏರಿ ರಾತ್ರಿ 8ರ ಹೆಂಗಸರ ಸಾಲು ಏರದೇ ಇದ್ದರೆ, ಮುಂದಿನ ಹಣ ದೀಪಕ್ಕೆ ಹೋಗಬೇಕು. ಮಧ್ಯಾಹ್ನದ ಸಾಲು ಏರದೇ ಇದ್ದರೆ ನೆರಳಿಗೆ, ಕುಡಿಯುವ ನೀರಿಗೆ. ಕೂತವರಿಗಿಂತ ನಡೆಯುವವರೇ ಹೆಚ್ಚಿದ್ದರೆ ಇನ್ನಷ್ಟು ಕುರ್ಚಿಗೆ. ಪಾಲಿಕೆಯ ಎಂಜಿನಿಯರ್ ಮುಂದೆ ಕಾಮಗಾರಿಯ ಅರ್ಜಿ ಇಡುವಾಗ ಈ ಎರಡು ಹಾಳೆಗಳನ್ನು ಅದಕ್ಕೆ ಪಿನ್ ಮಾಡಿ.